ಕೂಸಿನ ಮನೆಯ ಸ್ಟೀಲ್ ಡಬ್ಬಿ

ನನ್ನ ಮೊಮ್ಮಗಳು ಈಗ ಕೈ ತೊಳೆಯದೆ ತಟ್ಟೆ ಮುಟ್ಟುವುದಿಲ್ಲ. ನಾನು ಹಾಗೇ ಕೂತರೆ ನನ್ನನ್ನೂ ಬಿಡುವುದಿಲ್ಲ. ಸೊಂಟಕ್ಕೆ ಕೈಯಿಟ್ಟು ನಿಂತು, 'ಅಜ್ಜೀ, ಸೋಪು' ಅನ್ನುತ್ತಾಳೆ. ಹಾಲು ಕರೆದು ಆಗಷ್ಟೇ ತೊಳೆದು ಬಂದ ಕೈ ಕಣವ್ವ ಅಂದರೂ ಕೇಳುವುದಿಲ್ಲ. ಮತ್ತೆ ಎದ್ದು ಬಚ್ಚಲಿಗೆ ಹೋಗಬೇಕು. ಅವಳು ಪಕ್ಕದಲ್ಲಿ ನಿಂತು ಹತ್ತರ ತನಕ ಎಣಿಸಬೇಕು, ಅಲ್ಲಿಯ ತನಕ ನಾನು ಕೈ ಉಜ್ಜಬೇಕು. ಆರು ಅವಳಿಗೆ ಬರುತ್ತಿರಲಿಲ್ಲ. ಐದಾದ ಮೇಲೆ ನೇರ ಏಳಕ್ಕೆ ಹಾರುತ್ತಿದ್ದಳು. 'ಆರು ಎಲ್ಲೋಯ್ತೇ ತಾಯಿ?' ಅಂದರೆ, 'ಆಲು ಇವತ್ತು ಬಂದಿಲ್ಲ' ಅನ್ನುತ್ತಿದ್ದಳು. ರಜ ಹಾಕಿದವರ ಬಗ್ಗೆ ಹೇಳುವ ಹಾಗೆ.

ಇದನ್ನೆಲ್ಲ ನಾನು ಕಲಿಸಿದ್ದಲ್ಲ. ನಾನು ಮೂರನೇ ಕ್ಲಾಸಿಗೇ ಸ್ಲೇಟು ಕೆಳಗಿಟ್ಟು ದನ ಹಿಡಿದವಳು. ಕಲಿಸಿದ್ದು ನಮ್ಮೂರ ಕೂಸಿನ ಮನೆ. ಪಂಚಾಯಿತಿಯವರು ಹಳೇ ಕಟ್ಟಡಕ್ಕೆ ಸುಣ್ಣ ಬಳಿದು, ಗೋಡೆಯ ಮೇಲೆ ನವಿಲು, ಬಾಳೆಗೊನೆ ಬರೆಸಿ, ತೊಟ್ಟಿಲು, ಚಾಪೆ, ಆಟದ ಸಾಮಾನು ತಂದಿಟ್ಟು ತೆರೆದ ಮನೆ ಅದು. ಕೂಲಿಗೆ ಹೋಗುವ ತಾಯಂದಿರು ಎಳೆಮಕ್ಕಳನ್ನು ಬೆಳಿಗ್ಗೆ ಅಲ್ಲಿ ಬಿಟ್ಟು ಸಂಜೆ ಕರೆದುಕೊಂಡು ಹೋಗಬಹುದು. ಹಾಲು, ಊಟ, ಆಟ, ನಿದ್ದೆ ಎಲ್ಲ ಅಲ್ಲೇ. ಯಾರೂ ಏನೂ ಕೊಡಬೇಕಾಗಿಲ್ಲ.

ನನ್ನ ತಪ್ಪು ಹುಟ್ಟಿದ್ದೇ ಆ ಕೊನೆಯ ಮಾತಿನಲ್ಲಿ. ಮೊಮ್ಮಗಳ ಸಂತೋಷ ಹೇಳಿಕೊಳ್ಳಲು ಬಾಯಿ ತೆರೆದರೆ ನಾಚಿಕೆಯೂ ಜೊತೆಯಲ್ಲೇ ಹೊರಬರುತ್ತದೆ. ಒಂದನ್ನು ಬಿಟ್ಟು ಒಂದನ್ನು ಹೇಳುವುದು ನನಗೆ ಗೊತ್ತಿಲ್ಲ.

ನಮ್ಮೂರು ಕಿರಂಗೂರಿನಿಂದ ಪಾಂಡವಪುರದ ಕಡೆ ಹೋಗುವಾಗ ಒಳಕ್ಕೆ ಸಿಗುತ್ತದೆ, ನಾಲೆಯ ಪಕ್ಕ. ಒಂದಿಷ್ಟು ಗದ್ದೆ, ಎರಡು ಸೀಮೆಹಸು ನಮ್ಮವು. ಮಗ ಟೆಂಪೋ ಓಡಿಸುತ್ತಾನೆ. ಸೊಸೆ ಹೆರಿಗೆಗೆ ಮೊದಲು ಶ್ರೀರಂಗಪಟ್ಟಣದ ಹತ್ತಿರದ ಗಾರ್ಮೆಂಟ್ಸಿಗೆ ಹೋಗುತ್ತಿದ್ದಳು. ಮಗು ನಡೆಯಲು ಶುರು ಮಾಡಿದ ಮೇಲೆ ಮತ್ತೆ ಹೋಗುತ್ತೇನೆ ಅಂದಳು. ಹೋಗು ಅಂದೆ. ಮಗುವನ್ನು ನಾನು ನೋಡಿಕೊಳ್ಳುತ್ತೇನೆ ಅಂತಲೂ ಜಂಬದಿಂದ ಹೇಳಿದೆ. ಆದರೆ ನನ್ನ ಮಂಡಿಗೂ ಅವಳ ಕಾಲಿಗೂ ಹೊಂದಲಿಲ್ಲ. ನಾನು 'ಬತ್ತೀನಿ ಇರವ್ವ' ಅಂತ ಎದ್ದು ಸೀರೆ ಸರಿಮಾಡಿಕೊಳ್ಳುವಷ್ಟರಲ್ಲಿ ಅವಳು ನಾಲೆ ಏರಿಯ ಮೇಲೆ ಇರುತ್ತಿದ್ದಳು. ಒಂದು ದಿನ ಏರಿಯಿಂದ ಅವಳನ್ನು ಎತ್ತಿಕೊಂಡು ಬಂದವರು ದಾರಿಹೋಕರು. ಆವತ್ತು ಸೊಸೆ ಊಟಕ್ಕೆ ಇಕ್ಕುವಾಗ ನನ್ನ ಮುಖ ನೋಡಲಿಲ್ಲ.

ಶ್ರೀರಂಗಪಟ್ಟಣದ ಪ್ಲೇ ಹೋಮಿಗೆ ಮಗನೇ ಹೋಗಿ ವಿಚಾರಿಸಿದ. ಏನಂದರು ಅಂತ ಕೇಳಿದೆ. 'ಫೀಸ್ ಕೇಳ್ದೇಟ್ಗೆ ಗಾಡಿ ತಾನಾಗೇ ಸ್ಟಾರ್ಟಾಗ್ಬುಡ್ತು ಕಣವ್ವ' ಅಂದ. ಉಳಿದಿದ್ದು ಕೂಸಿನ ಮನೆ. ಜಾಗ ಇದ್ದರೆ ಬೇರೆ ಕೆಲಸಕ್ಕೆ ಹೋಗುವವರ ಮಕ್ಕಳನ್ನೂ ಸೇರಿಸಿಕೊಳ್ಳುತ್ತಾರೆ ಅಂತ ಸೊಸೆ ಕೇಳಿಕೊಂಡು ಬಂದಳು. ನಮ್ಮ ಮಗುವಿಗೆ ಜಾಗ ಸಿಕ್ಕಿತು. ನನಗೆ ಮಾತ್ರ ತಲೆ ಎತ್ತಲಾಗಲಿಲ್ಲ. ಎದುರು ಮನೆ ಜಗಲಿಯಿಂದ ನನ್ನ ಓರಗಿತ್ತಿ ಮೊದಲ ದಿನವೇ ಕೂಗಿದಳು.

'ಏನಕ್ಕಯ್ಯಾ, ನೀನು ಗುಂಡ್ಕಲ್ಲಂಗಿದ್ದೀಯೆ, ಮೊಮ್ಮಗಳ್ನ ಗೌರ್ಮೆಂಟ್ ಅನ್ನಕ್ಕೆ ಅಟ್ಬುಟ್ಯಲ್ಲ!'

'ಗುಂಡ್ಕಲ್ಲು ಉಳ್ಳಾಕೆ ಆಗ್ದೆ ಕಳುಸ್ದೆ ಕಣಮ್ಮಿ' ಅಂದೆ. ನಗುತ್ತಲೇ ಅಂದೆ. ಒಳಗೆ ಮೆಣಸಿನಕಾಯಿ ಉಜ್ಜಿದ ಹಾಗಾಯಿತು.

ಮೊಮ್ಮಗಳಿಗೆ ಅದೆಲ್ಲ ಏನು ಗೊತ್ತು. ಒಂದು ವಾರ ಅತ್ತಳು, ಆಮೇಲೆ ನಾನು ಕರೆಯಲು ಹೋದರೆ ಬರುವುದಿಲ್ಲ ಅಂತ ಅಳತೊಡಗಿದಳು. ಅಲ್ಲಿ ಅವಳಿಗೊಂದು ಜೊತೆ ಸಿಕ್ಕಿತ್ತು. ಕೆಳಗಿನ ಬೀದಿಯ ಜನತಾ ಮನೆಯ ಹುಡುಗಿ, ಇವಳಷ್ಟೇ ವಯಸ್ಸು, ಆದರೆ ಕೈಕಾಲು ಇವಳಿಗಿಂತ ಚಿಕ್ಕವು. ಅದಕ್ಕೇ ನಮ್ಮವಳು ಅವಳನ್ನು 'ಪಾಪು' ಅನ್ನುತ್ತಿದ್ದಳು. ಪಾಪುವಿನ ತಾಯಿ ಆಲೆಮನೆಯಲ್ಲಿ ಕೂಲಿ. ನಮ್ಮ ಗದ್ದೆಯ ನಾಟಿಗೂ ಬಂದಿದ್ದವಳು. ಈ ಕೂಸಿನ ಮನೆ ಮೊದಲು ತೆರೆದದ್ದೇ ಅಂಥವರಿಗಾಗಿ. ಎರಡು ಮಕ್ಕಳೂ ಒಂದೇ ಚಾಪೆಯ ಮೇಲೆ ಮಲಗುತ್ತಿದ್ದವು. ನಮ್ಮವಳು ಮನೆಗೆ ಬಂದ ಮೇಲೆ ಪಾಪುವಿನದೇ ಮಾತು. ಪಾಪು ಹೀಗೆ ಸೀನಿದಳು, ಪಾಪು ಹಾಗೆ ಬಿದ್ದಳು.

ಒಂದು ದಿನ ನಮ್ಮವಳಿಗೆ ಜ್ವರ ಬಂದು ಮನೆಯಲ್ಲೇ ಉಳಿದಳು. ಮಧ್ಯಾಹ್ನ ಕೂಸಿನ ಮನೆ ನೋಡಿಕೊಳ್ಳುವ ಹೆಣ್ಣುಮಗಳು ತಾನೇ ಬಂದು, ಒಂದು ಸ್ಟೀಲ್ ಡಬ್ಬಿಯಲ್ಲಿ ಬಿಸಿ ಕಿಚಡಿ ಕೊಟ್ಟು, 'ಬಾಯಿ ಕೆಟ್ಟಿರ್ತದೆ ಅಜ್ಜಿ, ವಸಿ ಉಣ್ಸಿ' ಅಂತ ಹೇಳಿ ಹೋದಳು. ಮಗು ಉಂಡಳು. ನಾನು ಡಬ್ಬಿ ತೊಳೆದು ಒರೆಸಿ ಕೈಯಲ್ಲಿ ಹಿಡಿದುಕೊಂಡು ನಿಂತೆ.

ನಮ್ಮ ಕಡೆ ಬೇರೆ ಮನೆಯಿಂದ ಏನಾದರೂ ತುಂಬಿ ಬಂದ ಪಾತ್ರೆಯನ್ನು ಬರಿದಾಗಿ ವಾಪಸ್ಸು ಕೊಡುವುದಿಲ್ಲ. ಒಂದು ಅಚ್ಚು ಬೆಲ್ಲ, ಒಂದು ಹಿಡಿ ಸಕ್ಕರೆ, ಏನೂ ಇಲ್ಲದಿದ್ದರೆ ಕರಿಬೇವಿನ ಎರಡು ಎಸಳಾದರೂ ಹಾಕಬೇಕು. ನನ್ನ ಅತ್ತೆ ಬರಿ ಪಾತ್ರೆ ಕೊಟ್ಟವರ ಮನೆಯ ಹೆಸರನ್ನು ಸಾಯುವ ತನಕ ನೆನಪಿಟ್ಟಿದ್ದರು. ನಾನು ಡಬ್ಬಿಗೆ ಬೆಲ್ಲ ತುಂಬಿದೆ, ಮೇಲೆ ಎರಡು ಏಲಕ್ಕಿ ಇಟ್ಟೆ, ಹೋಗಿ ಕೊಟ್ಟೆ. 'ಇದ್ಯಾಕಜ್ಜಿ?' ಅಂದಳು ಅವಳು. 'ಮಕ್ಳಿಗೆಲ್ಲ ಒಂದೊಂದ್ ಚೂರ್ ಕೊಡವ್ವ' ಅಂದೆ. ಎಷ್ಟೋ ದಿನದ ಮೇಲೆ ಅವತ್ತು ಓರಗಿತ್ತಿಯ ಜಗಲಿಯ ಮುಂದೆ ತಲೆ ಎತ್ತಿಕೊಂಡು ನಡೆದೆ.

ಅಲ್ಲಿಗೇ ನಿಲ್ಲಿಸಬಹುದಿತ್ತು. ಆದರೆ ನನ್ನ ಲೆಕ್ಕ ಬೇರೆ. ಮಗು ದಿನವೂ ಅಲ್ಲಿ ಉಣ್ಣುತ್ತದೆ, ಅಂದರೆ ಪಾತ್ರೆ ದಿನವೂ ತುಂಬಿ ಬಂದ ಹಾಗೆಯೇ. ಒಂದು ದಿನ ಬೆಣ್ಣೆ ಕಾಯಿಸಿದ ತುಪ್ಪ, ಒಂದು ದಿನ ಹುರಿದ ಕಡಲೆಕಾಯಿ, ಹಸು ಕರು ಹಾಕಿದಾಗ ಗಿಣ್ಣು. ಡಬ್ಬಿ ಸಂಜೆ ಮನೆಗೆ ಬರುವುದು, ಬೆಳಿಗ್ಗೆ ತುಂಬಿ ಹೋಗುವುದು. ಇದನ್ನು ನೋಡಿ ಓರಗಿತ್ತಿ ಸುಮ್ಮನಿರುತ್ತಾಳೆಯೇ? ಅವಳ ಮೊಮ್ಮಗನನ್ನೂ ಅಷ್ಟರಲ್ಲಿ ಅಲ್ಲಿಗೇ ಸೇರಿಸಿದ್ದರು. ಗೌರ್ಮೆಂಟ್ ಅನ್ನ ಅಂತ ಹಂಗಿಸಿದವಳೇ ಬಾಳೆಗೊನೆ ಹೊರಿಸಿಕೊಂಡು ಹೋದಳು. ಆಮೇಲೆ ಇನ್ನೊಂದು ಮನೆಯಿಂದ ರವೆಉಂಡೆ ಬಂತು. ಯಾರ ಮನೆಯಿಂದ ಏನು ಹೋಯಿತು ಅಂತ ಡೈರಿಯ ಮುಂದೆ ಹಾಲು ಹಾಕಲು ನಿಂತವರೆಲ್ಲ ಮಾತಾಡಿಕೊಳ್ಳತೊಡಗಿದರು.

ನೋಡಿಕೊಳ್ಳುವ ಹೆಣ್ಣುಮಗಳು ಪಾಪದವಳು. ತಂದವರಿಗೆ ಖುಷಿಯಾಗಲಿ ಅಂತ ಹಂಚುವ ಮುಂಚೆ ಡಬ್ಬಿ ಎತ್ತಿ ಹಿಡಿದು, 'ಇದು ಯಾರ್ ಮನೇದು?' ಅಂತ ಮಕ್ಕಳನ್ನು ಕೇಳುತ್ತಿದ್ದಳು. ಮಕ್ಕಳೆಲ್ಲ ನಮ್ಮವಳ ಕಡೆ ಕೈ ತೋರಿಸಿ, 'ಪುಟ್ಟಿ ಮನೇದು!' ಅಂತ ಕೂಗುವವು. ಬಾಗಿಲ ಹೊರಗೆ ನಿಂತು ನಾನು ಅದನ್ನು ಕೇಳಿದ್ದೇನೆ. ಕೇಳಲೆಂದೇ ನಿಂತಿದ್ದೇನೆ. ಈಗ ಹೇಳುವಾಗ ಕಿವಿ ಬಿಸಿಯಾಗುತ್ತದೆ.

ಹೀಗಿರುವಾಗ ಒಂದು ಸಂಜೆ ಮೊಮ್ಮಗಳು ಬಂದು, 'ಪಾಪು ಬಂದಿಲ್ಲ' ಅಂದಳು. ಮಾರನೆಯ ದಿನವೂ ಬಂದಿಲ್ಲ. ವಾರ ಕಳೆಯಿತು. ನಮ್ಮವಳು ಚಾಪೆಯ ಮೇಲೆ ಪಾಪುವಿನ ಜಾಗ ಬಿಟ್ಟು ಮಲಗುತ್ತಾಳಂತೆ, ಬೇರೆ ಮಗು ಬಂದರೆ ತಳ್ಳುತ್ತಾಳಂತೆ. ಕೂಸಿನ ಮನೆಯವಳನ್ನು ಕೇಳಿದೆ. ಅವಳು ಎಲ್ಲೋ ನೋಡುತ್ತಾ, 'ಗೊತ್ತಿಲ್ಲ ಅಜ್ಜಿ, ಕಬ್ಬು ಅರೆಯೋ ಕಾಲ ಅಲ್ವಾ' ಅಂದಳು. ಕಬ್ಬು ಅರೆಯುವ ಕಾಲದಲ್ಲಲ್ಲವೇ ಮಗುವನ್ನು ಬಿಡಬೇಕಾದ್ದು ಅಂತ ನನಗೆ ಹೊಳೆಯಲಿಲ್ಲ.

ಹೇಳಿದವಳು ಸೊಸೆ. ಭಾನುವಾರ ಇಬ್ಬರೂ ಅವರೆಕಾಯಿ ಸುಲಿಯುತ್ತಾ ಕೂತಿದ್ದೆವು. ನಾಳೆ ಡಬ್ಬಿಗೆ ಏನು ಹಾಕಲಿ ಅಂತ ಕೇಳಿದೆ. ಅವಳ ಕೈ ನಿಂತಿತು.

'ಅತ್ತೆ, ಆ ಡಬ್ಬಿ ಸಾಕು ಬುಡಿ.'

'ಯಾಕ್ ಮಗಾ?'

'ಪಾಪು ಯಾಕ್ ಬತ್ತಾ ಇಲ್ಲ ಅಂತ ನಿಮ್ಗೆ ನಿಜ್ವಾಗ್ಲೂ ಗೊತ್ತಿಲ್ವಾ? ನಿಮ್ ಓರಗಿತ್ತಿ ಮೊಮ್ಮಗ ಆ ಮಗೀನ, "ನಿಮ್ಮನೇದು ಏನೂ ಇಲ್ವಾ, ನಮ್ಮನೇದೇ ತಿಂತೀಯಾ" ಅಂದನಂತೆ. ಅದು ಮನೇಗ್ ಓಗಿ ಡಬ್ಬಿ ಕೊಡು ಅಂತ ಒಂದೇ ಸಮ ಅತ್ತದೆ. ಅವ್ರವ್ವ ಬುಡುಸ್ಬುಟ್ಟವ್ಳೆ. ಊರಿಗೆಲ್ಲ ಗೊತ್ತು.'

'ಎಲ್ಲಿ ಬುಡ್ತಾವ್ಳೆ ಮತ್ತೆ ಮಗೀನ?'

'ಎಲ್ ಬುಡ್ತಾಳೆ? ಆಲೆಮನೇಗೇ ಎತ್ಕೊಂಡೋಯ್ತಾವ್ಳೆ.'

ಆಲೆಮನೆ ಅಂದ ಕೂಡಲೇ ನನಗೆ ಕೊಪ್ಪರಿಗೆ ಕಣ್ಣ ಮುಂದೆ ಬಂತು. ಕಬ್ಬಿನ ಹಾಲು ಕುದಿಯುವ ಅಗಲವಾದ ಕೊಪ್ಪರಿಗೆ, ನೆಲದ ಮಟ್ಟಕ್ಕೇ ಇರುವ ಒಲೆ, ಸುತ್ತ ಓಡಾಡುವ ಜನ. ನಮ್ಮ ಮಗು ನಾಲೆ ಏರಿಗೆ ಓಡಿದಳು ಅಂತ ನಾವು ಅವಳನ್ನು ಕೂಸಿನ ಮನೆಗೆ ಸೇರಿಸಿದೆವು. ಆ ಮಗುವನ್ನು ಅಲ್ಲಿಂದ ಬಿಡಿಸಿ ಕೊಪ್ಪರಿಗೆಯ ಪಕ್ಕಕ್ಕೆ ಕಳಿಸಿದ್ದು ನನ್ನ ಬೆಲ್ಲ, ನನ್ನ ತುಪ್ಪ. ಸೊಸೆ ಹಾಗೆ ಹೇಳಲಿಲ್ಲ. ಹೇಳದೆ ಅವರೆಕಾಯಿ ಸುಲಿಯತೊಡಗಿದಳು. ಹೇಳಿದ್ದರೆ ಜಗಳವಾದರೂ ಆಡಬಹುದಿತ್ತು.

ಮಾರನೆಯ ದಿನ ಮೊಮ್ಮಗಳನ್ನು ಬಿಟ್ಟು, ಡಬ್ಬಿ ಕೊಡದೆ, ಹಾಗೇ ಆಲೆಮನೆಯ ದಾರಿ ಹಿಡಿದೆ. ಮಂಡಿ ನೋಯುತ್ತಿತ್ತು, ನೋಯಲಿ ಅನ್ನಿಸಿತು. ಆಲೆಮನೆಯ ಹಿಂದಿನ ಬಯಲಲ್ಲಿ ಪಾಪುವಿನ ತಾಯಿ ಅರೆದ ಕಬ್ಬಿನ ಸಿಪ್ಪೆಯನ್ನು ಬಿಸಿಲಿಗೆ ಹರವುತ್ತಿದ್ದಳು. ಬೇವಿನ ಮರದ ಕೆಳಗೆ ಪಾಪು. ಹಳೇ ಸೀರೆಯ ಒಂದು ತುದಿ ಮರಕ್ಕೆ, ಇನ್ನೊಂದು ತುದಿ ಆ ಮಗುವಿನ ಸೊಂಟಕ್ಕೆ. ಒಲೆಯ ಕಡೆ ಹೋಗದಿರಲಿ ಅಂತ. ಮಗು ಅಳುತ್ತಿರಲಿಲ್ಲ. ಸಿಪ್ಪೆಯ ಚೂರುಗಳನ್ನು ಸಾಲಾಗಿ ಇಟ್ಟು ಒಂದೊಂದನ್ನೇ ಮುಟ್ಟುತ್ತಾ ಏನೋ ಗೊಣಗುತ್ತಿತ್ತು. ನನ್ನನ್ನು ನೋಡಿ, 'ಪುಟ್ಟಿ ಅಜ್ಜಿ' ಅಂದಿತು. ಕೂತು ಗಂಟಿಗೆ ಕೈ ಹಾಕಿದೆ.

'ಬಿಚ್ಬ್ಯಾಡಿ ದೊಡ್ಡವ್ವ' ಅಂತ ಅಲ್ಲಿಂದಲೇ ಕೂಗಿದಳು ತಾಯಿ. 'ಕೊಪ್ಪರಿಗೆ ಕಾಯ್ತಾ ಅದೆ.'

ಕೈ ತೆಗೆದೆ. ಅವಳು ಸೆರಗಿನಲ್ಲಿ ಮುಖ ಒರೆಸಿಕೊಳ್ಳುತ್ತಾ ಹತ್ತಿರ ಬಂದಳು.

'ಏನು, ಬೆಲ್ಲ ಮುಗುದೋಯ್ತಾ? ಡಬ್ಬಿ ತುಂಬುಸ್ಕೊಂಡ್ ಓಗಾಕ್ ಬಂದ್ರಾ?'

'ಅಂಗನ್ಬ್ಯಾಡ ಕಣವ್ವ. ಮಗೀನ ಕರ್ಕೊಂಡ್ ಬಾ. ತಪ್ಪಾಯ್ತು. ನಾನು ಎಲ್ಲಾ ಮಕ್ಳೂ ತಿನ್ಲಿ ಅಂತ ಕೊಟ್ಟೆ.'

'ಎಲ್ಲಾ ಮಕ್ಳೂ ತಿಂದ್ವು, ಸರಿ. ಯಾರ್ ಮನೇದು ಅಂತ ಕೂಗಿದ್ದೂ ಎಲ್ಲಾ ಮಕ್ಳೇ ಅಲ್ವಾ?' ಅಂದಳು. ಆಮೇಲೆ ದನಿ ತಗ್ಗಿಸಿದಳು. 'ಒಂದಿನ ಇಲ್ಲಿಂದ ಒಂದಚ್ಚು ಬೆಲ್ಲ ಎತ್ಕೊಂಡೋಗಿ ಇವ್ಳ ಕೈಗೆ ಕೊಟ್ ಕಳುಸ್ಬುಡಾನ ಅಂತ ಕೈ ಆಕ್ಬುಟ್ಟಿದ್ದೆ ದೊಡ್ಡವ್ವ. ಯಾವತ್ತೂ ಮುಟ್ಟಿದ್ದೋಳಲ್ಲ. ನನ್ ಕೈ ನೋಡಿ ನಂಗೇ ಎದ್ರುಕೆ ಆಯ್ತು. ಅವತ್ತೇ ಬುಡುಸ್ದೆ.'

ನನಗೆ ಆ ಬೇವಿನ ಮರದ ಬೇರಿನ ಕೆಳಗೆ ಹೋಗಿ ಅಡಗಿಕೊಳ್ಳುವ ಹಾಗಾಯಿತು. ಆದರೂ ಬಾಯಿ ಸುಮ್ಮನಿರಲಿಲ್ಲ.

'ಪುಕ್ಸಟ್ಟೆ ಎಂಗವ್ವ ಉಣ್ಸಾದು? ತಿರುಗ್ಸಿ ಏನೂ ಕೊಡ್ದೆ ಎಂಗಿರಾದು?'

ಅವಳು ನಕ್ಕುಬಿಟ್ಟಳು. 'ನಿಮ್ ಗದ್ದೆಗೆ ಕಟ್ಟೆ ನೀರು ಬತ್ತದಲ್ಲ. ಬಿಂದ್ಗೇಲಿ ಬೆಲ್ಲ ತುಂಬ್ಕೊಂಡು ಕನ್ನಂಬಾಡಿಗೆ ಓಗಿ ಕೊಟ್ಬುಟ್ ಬತ್ತೀರಾ?'

'ಬಾಗಿನ ಬುಡ್ತಾರಲ್ಲ' ಅಂದೆ. ಸೋಲಬಾರದು ಅಂತ.

'ಅದು ಎಲ್ಲಾರ್ ಪರವಾಗಿ, ಕಟ್ಟೆ ತುಂಬ್ದಾಗ ಒಂದ್ಸತಿ. ನಿಮ್ ಬೀದಿಯೋರು ಒಬ್ಬೊಬ್ರೇ ಓಗಿ, ಇದು ನಮ್ಮನೇದು, ಇದು ನಮ್ಮನೇದು ಅಂತ ಕೂಗ್ಕೊಂಡ್ ಬುಡ್ತೀರಾ?'

ಮೇಸ್ತ್ರಿ ಅವಳನ್ನು ಕೂಗಿದ. ಹೊರಟವಳನ್ನು, 'ಡಬ್ಬಿ ನಿಂತ್ರೆ ಕಳುಸ್ತೀಯಾ?' ಅಂತ ಕೇಳಿದೆ. 'ಅದು ನಿಲ್ಲಲಿ ಮೊದ್ಲು. ಬಾಯ್ಮಾತಲ್ ನಿಲ್ಲಾದ್ನ ನಾನ್ ಬೇಕಾದಷ್ಟು ನೋಡಿವ್ನಿ' ಅಂತ ಹೇಳಿ ಹೋದಳು.

ಬಾಯಿಮಾತಲ್ಲದೆ ಇನ್ನು ಹೇಗೆ ನಿಲ್ಲಿಸುವುದು? ದಾರಿಯುದ್ದಕ್ಕೂ ಯೋಚಿಸಿದೆ. ನಾನು ತುಂಬಿದ ಡಬ್ಬಿ ಹಿಡಿದು ಹೋದದ್ದನ್ನು ಬೀದಿ ನೋಡಿದೆ. ಬರಿದು ಹಿಡಿದು ಹೋಗುವುದನ್ನೂ ಬೀದಿಯೇ ನೋಡಬೇಕು.

ಮರುದಿನ ಬೆಳಿಗ್ಗೆ ಡಬ್ಬಿ ತೊಳೆದು, ಮುಚ್ಚಳ ಹಾಕದೆ, ಡಬ್ಬಿ ಒಂದು ಕೈಯಲ್ಲಿ ಮುಚ್ಚಳ ಇನ್ನೊಂದು ಕೈಯಲ್ಲಿ ಹಿಡಿದು ಹೊರಟೆ. ಮೊಮ್ಮಗಳು ಸೆರಗು ಹಿಡಿದು ಜೊತೆಗೆ ಬಂದಳು. ಅಷ್ಟು ಭಾರವಾದ ಡಬ್ಬಿಯನ್ನು ನಾನು ಯಾವತ್ತೂ ಹೊತ್ತಿಲ್ಲ. ಡೈರಿಯ ಮುಂದೆ ಯಾರೋ ಕಿಸಕ್ಕನೆ ನಕ್ಕರು. ನನ್ನ ಅತ್ತೆ ಇದ್ದಿದ್ದರೆ ಬರಿ ಪಾತ್ರೆ ಕೊಟ್ಟವರ ಸಾಲಿಗೆ ನನ್ನನ್ನೂ ಸೇರಿಸುತ್ತಿದ್ದರು. ಓರಗಿತ್ತಿ ಜಗಲಿಯಿಂದ ಇಳಿದೇ ಬಂದಳು, ಕೈಯಲ್ಲಿ ಬಾಳೆಹಣ್ಣಿನ ಚಿಪ್ಪು.

'ಏನಕ್ಕಯ್ಯಾ, ಬರಿ ಡಬ್ಬಿ ಮೆರವಣಿಗೆ ಒಂಟದೆ? ತುಪ್ಪ ಮುಗುದೋಯ್ತಾ?'

'ತುಪ್ಪ ಅದೆ. ನಾನು ಬರಿಗೈಲೇ ಓಗಾದು ಇನ್ಮೇಲೆ. ನೀನೂ ಆ ಅಣ್ಣು ಒಳಕ್ಕಿಟ್ ಬಾ ಕಣಮ್ಮಿ' ಅಂದು, ಆಲೆಮನೆಯಲ್ಲಿ ಕಂಡದ್ದನ್ನು, ಮರಕ್ಕೆ ಕಟ್ಟಿದ ಸೀರೆಯನ್ನು ಹೇಳಿದೆ.

ಅವಳ ಮುಖ ಸಪ್ಪಗಾಯಿತು. ಆದರೆ ಬಾಯಿ ಅವಳದೂ ಸುಮ್ಮನಿರುವಂಥದ್ದಲ್ಲ. 'ಸುರು ಮಾಡ್ದೋಳೂ ನೀನೇ, ನಿಲ್ಸು ಅನ್ನೋಳೂ ನೀನೇ. ಬೀದಿ ಮುಂದೆ ನಾನ್ ಸಣ್ಣೋಳಾಗ್ಲಾ?'

'ಆಗು ಬಾ. ನಾನಾಗ್ಲೇ ಆಗಿವ್ನಿ. ಇಬ್ರೂ ಜತೇಲೇ ಆಗಾನ.'

'ಥೂ ನಿನ್ನ' ಅಂದಳು. ಚಿಪ್ಪನ್ನು ಒಳಗಿಡಲು ಹೋದವಳು ತನ್ನ ಸೊಸೆಯನ್ನು ಕೂಗಿ ಏನೋ ಗದರಿದಳು. ಹಬ್ಬದ ದಿನ ಅವಳು ಈಗಲೂ ಸೆರಗಿನ ಮರೆಯಲ್ಲಿ ಏನಾದರೂ ಒಯ್ಯುತ್ತಾಳೆ ಅಂತ ನನಗೆ ಗೊತ್ತು. ಆದರೆ ಅದು ಯಾರ ಮನೆಯದು ಅಂತ ಈಗ ಅಲ್ಲಿ ಯಾರೂ ಕೇಳುವುದಿಲ್ಲ. ಹಾಗೆ ಕೇಳಬೇಡವ್ವ ಅಂತ ನೋಡಿಕೊಳ್ಳುವ ಹೆಣ್ಣುಮಗಳಿಗೆ ನಾನೇ ಕೈಮುಗಿದು ಹೇಳಿದೆ. ಅವಳ ಕಣ್ಣಲ್ಲಿ ನೀರು ಬಂತು. 'ನಿಮ್ಗೆ ಖುಷಿ ಆಗ್ಲಿ ಅಂತ ಕೇಳ್ತಿದ್ದೆ ಅಜ್ಜಿ' ಅಂದಳು. ಖುಷಿ ಆಗುತ್ತಿತ್ತು ಕಣವ್ವ, ಅದೇ ತಪ್ಪು ಅಂದೆ. ಖಾಲಿ ಡಬ್ಬಿಗೆ ಮುಚ್ಚಳ ಹಾಕಿ ಕಿಟಕಿಯ ಮೇಲಿಟ್ಟು ಬಂದೆ.

ಪಾಪು ಆ ದಿನ ಬರಲಿಲ್ಲ. ಮಾರನೆಯ ದಿನವೂ ಇಲ್ಲ. ಮೊಮ್ಮಗಳನ್ನು ಬಿಡಲು ಹೋದಾಗಲೆಲ್ಲ ನಾನು ಬಾಗಿಲಲ್ಲಿ ಕಾಯುತ್ತಿದ್ದೆ, ಯಾರಾದರೂ ಕೇಳಿದರೆ ಮಂಡಿನೋವು, ವಸಿ ಕೂತು ಹೋಗುತ್ತೇನೆ ಅನ್ನುತ್ತಿದ್ದೆ. ಒಂದೊಂದು ಬೆಳಿಗ್ಗೆ ಕೈ ತಾನಾಗಿಯೇ ಬೆಲ್ಲದ ಡಬ್ಬದ ಕಡೆ ಹೋಗುವುದು. ಎಳೆದುಕೊಳ್ಳುತ್ತಿದ್ದೆ.

ಆಮೇಲೆ ಒಂದು ಬೆಳಿಗ್ಗೆ ಅವಳು ಬಂದಳು. ಸೊಂಟದ ಮೇಲೆ ಪಾಪು, ತಲೆಗೆ ಎಣ್ಣೆ ಹಾಕಿ ಬಿಗಿಯಾಗಿ ಜಡೆ ಹೆಣೆದಿತ್ತು. ನನ್ನನ್ನು ನೋಡಿಯೂ ನೋಡದವಳ ಹಾಗೆ ನೇರ ಕಿಟಕಿಯ ಹತ್ತಿರ ಹೋದಳು. ಡಬ್ಬಿ ತೆಗೆದುಕೊಂಡು, ಮುಚ್ಚಳ ಬಿಚ್ಚಿ, ಡೈರಿಯವರು ಹಾಲಿನ ಕ್ಯಾನಿನೊಳಗೆ ಇಣುಕುವ ಹಾಗೆ ಒಳಗೆ ಇಣುಕಿದಳು. ಮುಚ್ಚಳ ಹಾಕಿ ಅಲ್ಲೇ ಇಟ್ಟಳು. ಆಮೇಲೆ ಮಗುವನ್ನು ಸೊಂಟದಿಂದ ಇಳಿಸಿದಳು.

ನಮ್ಮವಳು ಓಡಿಬಂದಳು. ಅಪ್ಪಿಕೊಳ್ಳುತ್ತಾಳೇನೋ ಅಂದುಕೊಂಡೆ. ಎಲ್ಲಿ! ಪಾಪುವಿನ ಕೈ ಹಿಡಿದು ತಿರುಗಿಸಿ ನೋಡಿ, 'ಸೋಪು' ಅಂದಳು. ಇಬ್ಬರೂ ನಲ್ಲಿಯ ಹತ್ತಿರ ನಿಂತರು. ನಮ್ಮವಳು ಎಣಿಸತೊಡಗಿದಳು. ಒಂದು, ಎಲಡು, ಮೂಲು, ನಾಕು, ಐದು. ಏಳಕ್ಕೆ ಹಾರಲು ಬಾಯಿ ತೆರೆದಳು. ಪಾಪು ನೊರೆ ತುಂಬಿದ ಕೈ ಎತ್ತಿ, 'ಆಲು' ಅಂದಿತು. ನಮ್ಮವಳು ಒಂದು ಗಳಿಗೆ ಅವಳ ಮುಖ ನೋಡಿದಳು. ಆಮೇಲೆ ಬಹಳ ದೊಡ್ಡ ದನಿಯಲ್ಲಿ ತಾನೂ 'ಆಲು' ಅಂದಳು. ಬೇವಿನ ಮರದ ಕೆಳಗೆ ಆ ಮಗು ಸಿಪ್ಪೆಯ ಚೂರುಗಳನ್ನು ಮುಟ್ಟಿ ಮುಟ್ಟಿ ಗೊಣಗುತ್ತಿದ್ದದ್ದು ಏನು ಅಂತ ನನಗೆ ಆಗ ತಿಳಿಯಿತು.

ತಾಯಿ ಹೊರಡುವ ಮುಂಚೆ ನನ್ನ ಮುಂದೆ ನಿಂತಳು.

'ನೋಡಿ ದೊಡ್ಡವ್ವ, ನಿಮ್ ಮೊಮ್ಮಗಳಿಗೆ ಆರು ಕಲ್ಸಾಕೆ ನಮ್ಮೋಳೇ ಬರ್ಬೇಕಾಯ್ತು.'

ಅದಕ್ಕೆ ವಾಪಸ್ಸು ಕೊಡಲು ನನ್ನ ಕೈಯಲ್ಲಿ ಏನೂ ಇರಲಿಲ್ಲ. ಸುಮ್ಮನೆ ಈಸಿಕೊಂಡೆ.